ಪರಹಸ್ತದ ಪ್ರಾಯಶ್ಚಿತ್ತ

ಸೀಗಿ ಹುಣ್ಣಿವೆಯ ದಿನ ಧಾರವಾಡ ಸೀಮೆಯ ಒಕ್ಕಲಿಗನು ಬಂಡಿ ಕಟ್ಟಿಕೊಂಡು ಮಡದಿಮಕ್ಕಳೊಡನೆ ಹೊಲಕ್ಕೆ ಹೋಗುವನು. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಅವುಗಳನ್ನು ಪಾಂಡವರೆಂದು ಭಾವಿಸಿ ಪೂಜಿಸಿ, ಮನೆಯಿಂದ ತಂದ ಅಡಿಗೆಯನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವನು. ಇದಕ್ಕೆ ಚರಗ ಚೆಲ್ಲುವದೆಂದು ಹೆಸರು. ಆಗ ಪೈರು ತುಂಬಿ ನಿಂತಿರುತ್ತದೆ. ಬಸುರಿಗೆ ಬಯಕೆಯ ಊಟ ಮಾಡಿಸುವಂತೆ ಭೂಮಿತಾಯಿಗೂ ಮಾಡಿಸಬೇಕೆಂಬದು ಹಿರಿಯರ ಭಾವನೆಯು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿಗಳ ನಾಡಾದ ನವಲಗುಂದ, ಅಣ್ಣಿಗೇರಿಗಳ ಎರಿಹೊಲಗಳಲ್ಲಿ ಎಳ್ಳಮವಾಸ್ಯೆಯಂದು ಇದೇ ವಿಧಿಯು ನಡೆಯುವದು. ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಒಕ್ಕಲಿಗನು ಈ ಊಟವನ್ನು ರಾಶಿ ಮಾಡಿದ ಮೇಲೆ ಕೊಡುವದಿಲ್ಲ. ಕೊಯ್ಯುವದಕ್ಕೆ ಮುಂಚೆ, ಬೆಳೆಯು ಕೈಗೆ ಹತ್ತುವದೋ ಇಲ್ಲವೋ ಎಂಬದು ಇನ್ನೂ ತಿಳಿಯದಿರುವಾಗಲೇ ಕೊಡುತ್ತಾನೆ. ತೆಗೆದುಕೊಳ್ಳುವ ಮೊದಲು ಕೊಡಬೇಕು ಎಂಬ ಒಂದು ಧರ್ಮವು ಈ ಆಚಾರದಲ್ಲಿ ಅಡಗಿದೆ.

ಭೂಮಿಯಿಂದ ತೆಗೆದುಕೊಳ್ಳುವ ಇನ್ನೊಂದು ಬಗೆಯ ಉದ್ಯೋಗವಿದೆ, ಅದು ಗಣಿಗಾರಿಕೆ. ಒಕ್ಕಲಿಗನು ತೆಗೆದುಕೊಂಡದ್ದು ಮರುವರುಷ ಮತ್ತೆ ಬರುತ್ತದೆ. ಗಣಿಯವನು ತೆಗೆದುಕೊಂಡದ್ದು ಮತ್ತೆ ಬರುವದಿಲ್ಲ. ಬಾರದಿರುವದಷ್ಟೇ ಅಲ್ಲ, ಅವನು ಬೇಡವೆಂದು ಬಿಟ್ಟುಹೋದ ಕಲ್ಲುಪುಡಿಯೂ ರಾಡಿಯೂ ವಿಷವೂ ಅಲ್ಲಿಯೇ ಉಳಿಯುತ್ತವೆ. ಇಂಥ ಕೆಟ್ಟ ನೆಲದಲ್ಲಿಯೂ ಬೇರೂರಿ ಬದುಕಬಲ್ಲ ಗಟ್ಟಿಜೀವದ ಗಿಡಗಳು ಕೆಲವಿವೆಯೆಂದೂ, ಅವುಗಳನ್ನು ಹಚ್ಚಿದರೆ ನೆಲವು ಕ್ರಮೇಣ ಸುಧಾರಿಸುವದೆಂದೂ ಶಾಸ್ತ್ರಜ್ಞರು ಕಳೆದ ಐದಾರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಇದು ಸಂತೋಷದ ಸುದ್ದಿಯೇ ಸರಿ. ಆದರೆ ಈ ಸುದ್ದಿಯ ಬೆನ್ನಿಗೆ ಒಂದು ಧರ್ಮಪ್ರಶ್ನೆಯೂ ಹುಟ್ಟುವದು. ಮನುಷ್ಯನು ಮಾಡಿದ ತಪ್ಪಿಗೆ ಗಿಡವು ಪ್ರಾಯಶ್ಚಿತ್ತ ಮಾಡಬಲ್ಲುದೇ? ಮಾಡಬಲ್ಲುದಾದರೆ, ತಪ್ಪು ಮಾಡಿದವನು ಋಣಮುಕ್ತನಾದನೆಂದು ತಿಳಿಯಬಹುದೇ?

ಪ್ರಶ್ನೆಯನ್ನು ವಿಚಾರಿಸುವ ಮುಂಚೆ ಗಿಡಗಳು ನಿಜವಾಗಿ ಏನು ಮಾಡುತ್ತವೆಂಬದನ್ನು ತಿಳಿದುಕೊಳ್ಳುವದು ಅವಶ್ಯ. ಅವುಗಳ ಕೆಲಸವು ಮುಖ್ಯವಾಗಿ ಎರಡು ತೆರನಾದದ್ದು. ಒಂದು, ಹಿಡಿದಿಡುವ ಕೆಲಸ. ಲಾವಂಚ, ಕರಿಕೆ ಮುಂತಾದ ಹುಲ್ಲುಗಳು ತಮ್ಮ ಬೇರುಗಳ ಜಾಲದಿಂದ ಪುಡಿಮಣ್ಣನ್ನು ಕಟ್ಟಿಹಾಕುತ್ತವೆ. ಗಾಳಿಗೆ ಧೂಳು ಏಳುವದಿಲ್ಲ, ಮಳೆಗೆ ರಾಡಿಯು ಹರಿದು ಕೆರೆಗೆ ಸೇರುವದಿಲ್ಲ. ವಿಷವು ಅಲ್ಲಿಯೇ ಇರುತ್ತದೆ, ಆದರೆ ಹೊರಗೆ ಹೊರಡದಂತೆ ಕಾವಲು ಬೀಳುತ್ತದೆ. ಎರಡನೆಯದು, ಹೀರಿ ತೆಗೆಯುವ ಕೆಲಸ. ಕೆಲವು ವಿಶೇಷ ಸಸ್ಯಗಳು ನೆಲದೊಳಗಿನ ಲೋಹವನ್ನು ಬೇರಿನಿಂದ ಹೀರಿ ಎಲೆಗಳಲ್ಲಿ ಸಂಗ್ರಹಿಸುತ್ತವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಡೋನಿಯ ದ್ವೀಪದಲ್ಲಿ ಒಂದು ಮರವಿದೆ. ಅದನ್ನು ಕೊಯ್ದರೆ ಬರುವ ಹಾಲು ನೀಲಿಹಸುರು ಬಣ್ಣದ್ದು, ಒಣಗಿಸಿದಾಗ ಅದರ ತೂಕದ ಸುಮಾರು ನಾಲ್ಕನೆಯ ಒಂದು ಪಾಲು ನಿಕಲ್ ಲೋಹವೇ ಇರುವದೆಂದು 1976ರಲ್ಲಿ ಪ್ರಕಟವಾಯಿತು. ಹಳೆಯ ಗೋಡೆಗಳ ಸಂದಿಗಳಲ್ಲಿ ನಮ್ಮ ದೇಶದಲ್ಲಿಯೂ ಬೆಳೆಯುವ ಒಂದು ಜಾತಿಯ ಜರೀಗಿಡವು ಆರ್ಸೆನಿಕ್ ಎಂಬ ಪಾಷಾಣವನ್ನು ಹೇರಳವಾಗಿ ಹೀರುವದೆಂದು 2001ರಲ್ಲಿ ಅಮೇರಿಕದ ಫ್ಲೋರಿಡಾ ಪ್ರಾಂತದ ಸಂಶೋಧಕರು ಕಂಡುಹಿಡಿದರು.

ಆದರೆ ಈ ಎರಡೂ ಕೆಲಸಗಳಿಗೆ ಮೇರೆಯಿದೆ. ಸಯನೈಡಿನಂಥ ವಿಷವು ಬಿಸಿಲು ಗಾಳಿಗಳಿಗೆ ಕಾಲಾಂತರದಲ್ಲಿ ಒಡೆದುಹೋದೀತು. ಆದರೆ ಸೀಸ, ಪಾಷಾಣ, ನಿಕಲ್ ಮೊದಲಾದವು ಮೂಲಧಾತುಗಳು. ಅವು ನಾಶವಾಗುವದಿಲ್ಲ, ಸ್ಥಳ ಬದಲಿಸುತ್ತವೆ ಅಷ್ಟೆ. ನೆಲದಲ್ಲಿದ್ದ ವಿಷವು ಎಲೆಗೆ ಬಂದಿತು. ಎಲೆಯನ್ನು ಕೊಯ್ದು ಸುಟ್ಟರೆ ಬೂದಿಗೆ ಬಂದಿತು. ಆ ಬೂದಿಯನ್ನು ಯಾರೋ ಎಲ್ಲಿಯೋ ಜೋಕೆಯಿಂದ ಇಡಬೇಕು. ಕೊಯ್ಯದೆ ಬಿಟ್ಟರೆ ಎಲೆಯು ಉದುರಿ ಮತ್ತೆ ನೆಲಕ್ಕೇ ಸೇರುವದು. ದನಕರುಗಳು ಮೇಯ್ದರೆ ಹಾಲಿಗೂ ಮಾಂಸಕ್ಕೂ ಸೇರುವದು. ಇದಲ್ಲದೆ ಒಂದು ಬೆಳೆಯಿಂದ ಹೊರಬೀಳುವ ವಿಷದ ಪಾಲು ಅತ್ಯಲ್ಪ. ಬಹಳ ಕೆಟ್ಟ ನೆಲವು ತಿಳಿಯಾಗಬೇಕಾದರೆ ದಶಕಗಟ್ಟಲೆ ಬೆಳೆಯುತ್ತಲೂ ಕೊಯ್ಯುತ್ತಲೂ ಇರಬೇಕಾಗುವದು. ಗಿಡವು ಮಾಂತ್ರಿಕನಲ್ಲ, ಅದು ಕೂಲಿಯವನಂತೆ ನಿಧಾನವಾಗಿ ದುಡಿಯುವ ಜೀವಿಯು.

ಗಿಡಗಳ ಸಹನೆಯ ವಿಷಯದಲ್ಲಿಯೂ ಒಂದು ಮಾತನ್ನು ನೆನೆಯತಕ್ಕದ್ದು. ವೇಲ್ಸ್ ದೇಶದಲ್ಲಿ ಸೀಸ, ತಾಮ್ರಗಳ ಹಳೆಯ ಗಣಿಗಳಿವೆ. ಆ ಗಣಿಗಳ ಕಸದ ದಿಬ್ಬಗಳ ಮೇಲೆ ಹುಲ್ಲು ಬೆಳೆದಿರುವದನ್ನು ಬ್ರಾಡ್‌ಷಾ ಎಂಬ ಸಸ್ಯಶಾಸ್ತ್ರಜ್ಞನೂ ಅವನ ಸಂಗಡಿಗರೂ ಕಳೆದ ಶತಮಾನದ ಮಧ್ಯದಲ್ಲಿ ಅಭ್ಯಸಿಸಿದರು. ಪಕ್ಕದ ಹುಲ್ಲುಗಾವಲಿನ ಅದೇ ಜಾತಿಯ ಬೀಜವನ್ನು ತಂದು ಆ ಮಣ್ಣಿನಲ್ಲಿ ಬಿತ್ತಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತಿದ್ದವು; ಸಾವಿರದಲ್ಲಿ ಒಂದೋ ಎರಡೋ ಮಾತ್ರ ಬದುಕುತ್ತಿದ್ದವು. ಬದುಕಿದವುಗಳ ಸಂತತಿಯೇ ದಿಬ್ಬವನ್ನು ಹಸುರುಮಾಡಿತು. ಗಟ್ಟಿಜೀವದ ಗಿಡವೆಂದು ಹೊಗಳುವಾಗ ಆ ಗಟ್ಟಿತನದ ಹಿಂದೆ ಸತ್ತುಹೋದ ಸಾವಿರ ಮೊಳಕೆಗಳಿವೆಯೆಂಬದನ್ನು ಮರೆಯಲಾಗದು. ಈ ಮಾತು ಮನುಷ್ಯರಿಗೂ ಸಲ್ಲುವದು. ಗಣಿಯ ಧೂಳಿನಲ್ಲಿ ಬಾಳಿದ ಕುಟುಂಬಗಳನ್ನು ನೋಡಿ “ಇವರು ಒಗ್ಗಿಹೋಗಿದ್ದಾರೆ” ಎಂದು ಹೇಳುವವರು, ಒಗ್ಗದೆ ಹೋದವರನ್ನು ಲೆಕ್ಕಕ್ಕೆ ತೆಗೆದುಕೊಂಡಿರುವದಿಲ್ಲ.

ಈಗ ಕನ್ನಡ ನಾಡಿನ ಎರಡು ನಿದರ್ಶನಗಳನ್ನು ನೋಡೋಣ. ಮೊದಲನೆಯದು ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕೆಲಸಕ್ಕೆ ತೊಡಗಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ನೂರ ಇಪ್ಪತ್ತು ವರುಷಗಳಲ್ಲಿ ಸುಮಾರು 800 ಟನ್ ಚಿನ್ನವು ಹೊರಬಂದಿತು. 2001ರ ಫೆಬ್ರುವರಿ 28ರಂದು ಗಣಿಯು ಮುಚ್ಚಿತು. ಚಿನ್ನವು ಹೋಯಿತು, ಉಳಿದದ್ದು ಕಲ್ಲನ್ನು ಹಿಟ್ಟಿನಂತೆ ಅರೆದು, ಸಯನೈಡಿನ ನೀರಿನಲ್ಲಿ ಕದಡಿ, ಚಿನ್ನವನ್ನು ಸೆಳೆದುಕೊಂಡ ಮೇಲೆ ಚೆಲ್ಲಿದ ಬೂದುಬಣ್ಣದ ರಾಡಿಯು. ಮೂರು ಕೋಟಿ ಟನ್ನಿಗೂ ಮೇಲ್ಪಟ್ಟ ಈ ರಾಡಿಯು ಒಣಗಿ ಗುಡ್ಡಗಳಾಗಿ ಊರಿನ ನಡುವೆ ನಿಂತಿದೆ. ಅದರಲ್ಲಿ ಸಸ್ಯಕ್ಕೆ ಬೇಕಾದ ಸತ್ವವಿಲ್ಲ, ನೀರು ನಿಲ್ಲುವದಿಲ್ಲ. ಬಿಸಿಲುಗಾಲದ ಗಾಳಿಗೆ ಪುಡಿಯು ಎದ್ದು ಮನೆಗಳ ಮೇಲೂ ಹೊಲಗಳ ಮೇಲೂ ಬೀಳುವದು. ಮಳೆಗಾಲದಲ್ಲಿ ತಗ್ಗಿಗೆ ಹರಿಯುವದು. ಆ ಗುಡ್ಡಗಳನ್ನು ಹುಲ್ಲುಗಿಡಗಳಿಂದ ಹೊದಿಸಬೇಕೆಂಬ ಮಾತು ಹಳೆಯದು. ಆದರೆ ಆ ರಾಡಿಯಲ್ಲಿ ಇನ್ನೂ ಚೂರುಪಾರು ಚಿನ್ನವಿದೆ. 1003 ಎಕರೆಗಳಲ್ಲಿ ಹರಡಿದ 13 ದಿಬ್ಬಗಳನ್ನು ಮತ್ತೊಮ್ಮೆ ಸೋಸುವ ಕೇಂದ್ರ ಸರಕಾರದ ಯೋಜನೆಗೆ 2024ರಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟಿತು. ಹೊದಿಕೆಯ ಹುಲ್ಲಿಗೆ ಬೇಕಾದದ್ದು ದಶಕಗಳ ನೆಮ್ಮದಿ. ಚಿನ್ನದ ಆಸೆಗೆ ಬೇಕಾದದ್ದು ಮತ್ತೆ ಅಗೆತ. ಎರಡೂ ಒಂದೇ ದಿಬ್ಬದ ಮೇಲೆ ಒಂದೇ ಕಾಲಕ್ಕೆ ನಡೆಯಲಾರವು.

ಎರಡನೆಯದು ಬಳ್ಳಾರಿ, ಸಂಡೂರುಗಳ ಕಬ್ಬಿಣದ ಗುಡ್ಡಗಳು. ಈ ಶತಮಾನದ ಮೊದಲ ದಶಕದಲ್ಲಿ ಪರದೇಶದ ಬೇಡಿಕೆಯು ಏರಿ ಅದಿರಿನ ಬೆಲೆಯು ಹೆಚ್ಚಿದಾಗ ಅಲ್ಲಿ ನಡೆದ ಅಗೆತಕ್ಕೆ ಎಣೆಯಿರಲಿಲ್ಲ. ಗುಡ್ಡಗಳು ಕರಗಿದವು, ಲಾರಿಗಳ ಕೆಂಪು ಧೂಳು ಹಾದಿಯ ಇಕ್ಕೆಲದ ಪೈರಿನ ಮೇಲೆ ಕುಳಿತಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ದೂರು ಒಯ್ದಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಯು 2011ರ ಜುಲೈಯಲ್ಲಿ ಸರಕಾರಕ್ಕೆ ಸೇರಿತು. ಅದೇ ತಿಂಗಳ 29ರಂದು ನ್ಯಾಯಾಲಯವು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಅಪರಾಧದ ತೂಕಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿದ್ದನ್ನು ಎತ್ತಿಹಿಡಿದು, ಕೊನೆಯ ವರ್ಗದವರ ಪರವಾನಿಗೆಗಳನ್ನು ರದ್ದುಮಾಡಿಸಿತು. ನಡುವಿನ ವರ್ಗದವರು ಮೇರೆಮೀರಿ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ, ಕಸ ಸುರಿದ ಪ್ರತಿ ಹೆಕ್ಟೇರಿಗೆ 1 ಕೋಟಿ ರೂಪಾಯಿಗಳಂತೆ ಪರಿಹಾರ ಕೊಡಬೇಕೆಂದು ವಿಧಿಸಿತು. ಪ್ರತಿಯೊಂದು ಗಣಿಯವರೂ ನೆಲವನ್ನು ಸುಧಾರಿಸುವ, ಗಿಡ ನೆಡುವ ಯೋಜನೆಯನ್ನು ಒಪ್ಪಿಕೊಂಡ ಹೊರತು ಮತ್ತೆ ಕೆಲಸಕ್ಕೆ ತೊಡಗಬಾರದೆಂದಾಯಿತು. 2020ರ ಜನವರಿ 8ರಂದು ಅದೇ ನ್ಯಾಯಾಲಯವು ಇಡೀ ದೇಶದ ಗಣಿಯವರಿಗೆ ಇನ್ನೊಂದು ನಿಬಂಧನೆಯನ್ನು ಹಾಕಿಸಿತು: ಅಗೆತ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಯಿಸಬೇಕು, ಅದು ಮೇವಿಗೂ ಗಿಡಮರ ಪ್ರಾಣಿಗಳಿಗೂ ಯೋಗ್ಯವಾಗಬೇಕು. ಹೀಗೆ ಹುಲ್ಲು ಎಂಬದು ರಾಜಶಾಸನದೊಳಗೆ ಪ್ರವೇಶಿಸಿತು.

ಇಲ್ಲಿ ಪೂರ್ವಪಕ್ಷದವರು ಹೀಗೆ ವಾದಿಸಬಹುದು. “ಲೋಹವಿಲ್ಲದೆ ನಾಗರಿಕ ಜೀವನವಿಲ್ಲ. ಒಕ್ಕಲಿಗನ ಕುಡವೂ ಕುಡಗೋಲೂ ಬಂಡಿಯ ಗಾಲಿಯ ಹಳಿಯೂ ಕಬ್ಬಿಣದವೇ. ಅಗೆಯುವದು ತಪ್ಪದು. ಅಗೆದ ಮೇಲೆ ಗಿಡ ಹಚ್ಚಿದರೆ ನೆಲವು ಹಸುರಾಗುವದು. ಹಾನಿಯೂ ಆಯಿತು, ಪರಿಹಾರವೂ ಆಯಿತು, ಲೆಕ್ಕವು ಸರಿಹೋಯಿತು. ಇನ್ನು ಪಾಪಪುಣ್ಯದ ಮಾತೇಕೆ?” ಈ ವಾದವು ಮೇಲುನೋಟಕ್ಕೆ ಒಪ್ಪುವಂತಿದೆ. ಆದರೆ ಇದರಲ್ಲಿ ಮೂರು ದೋಷಗಳಿವೆ.

ಮೊದಲನೆಯ ದೋಷವು ಲೆಕ್ಕದಲ್ಲಿಯೇ ಇದೆ. ಹಸುರಾದದ್ದೆಲ್ಲ ಮೊದಲಿನಂತಾಗಲಿಲ್ಲ. ಕರಗಿದ ಗುಡ್ಡವು ಮತ್ತೆ ಏಳುವದಿಲ್ಲ. ಗುಡ್ಡದ ಒಡಲಲ್ಲಿ ಇಂಗಿ ಬುಡದಲ್ಲಿ ಹುಟ್ಟುತ್ತಿದ್ದ ಹಳ್ಳದ ಒರತೆಯು ಗಿಡ ಹಚ್ಚಿದ ಮಾತ್ರಕ್ಕೆ ತಿರುಗಿ ಬಾರದು. ಸಾವಿರಾರು ವರುಷಗಳಲ್ಲಿ ಆದ ಮೇಲ್ಮಣ್ಣನ್ನು ಹತ್ತು ವರುಷದ ಹುಲ್ಲು ಮರಳಿ ಕೊಡಲಾರದು. ಅಲ್ಲದೆ ಬೇಗನೆ ಹಸುರು ತೋರಬೇಕೆಂಬ ಆತುರದಲ್ಲಿ ಎಂಥ ಗಿಡವನ್ನು ಹಚ್ಚಿದರೂ ನಡೆದೀತೆಂಬ ಭಾವನೆಯು ಹುಟ್ಟುವದು. ಕನ್ನಡಿಗರು ಬಳ್ಳಾರಿ ಜಾಲಿಯೆಂದು ಕರೆಯುವ ಗಿಡವು ಬಳ್ಳಾರಿಯದಲ್ಲ, ಅಮೇರಿಕ ಖಂಡದ್ದು. ಬರಡು ನೆಲವನ್ನು ಹಸುರುಮಾಡಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶಕ್ಕೆ ತಂದದ್ದು. ಅದರಷ್ಟು ಗಟ್ಟಿಜೀವವು ಬೇರೊಂದಿಲ್ಲ. ಉಪಕಾರಕ್ಕೆಂದು ಬಂದ ಅದು ಇಂದು ಗಾಂವಠಾಣ, ಕೆರೆಯಂಗಳ, ಹಳ್ಳದ ದಂಡೆಗಳನ್ನು ಆಕ್ರಮಿಸಿ, ತನ್ನ ನೆರಳಿನಲ್ಲಿ ಬೇರೆ ಗಿಡಕ್ಕೆ ಎಡೆಗೊಡದೆ ಕುಳಿತಿದೆ. ಅದೇ ಮೇರೆಗೆ ಕರಿಕೆಯನ್ನೂ ನೋಡಬಹುದು. ಗಣಿಯ ಪುಡಿಮಣ್ಣನ್ನು ಹಿಡಿಯುವದರಲ್ಲಿ ಅದು ಅತ್ಯುಪಕಾರಿ, ಗಣಪತಿಗೆ ಪ್ರಿಯವಾದದ್ದು. ಆದರೆ ಕುಂದಗೋಳ, ನವಲಗುಂದಗಳ ಎರಿಹೊಲದಲ್ಲಿ ಅದು ಹೊಕ್ಕಿತೆಂದರೆ ಒಕ್ಕಲಿಗನಿಗೆ ನಿದ್ದೆಯಿಲ್ಲ. ಆಳುಗಳನ್ನು ಹಚ್ಚಿ, ಮೊಳಗಟ್ಟಲೆ ಆಳಕ್ಕೆ ಅಗೆದು, ಬೇರಿನ ಎಳೆಎಳೆಯನ್ನೂ ಆರಿಸಬೇಕು. ಗಿಡದ ಗುಣವು ಗಿಡದಲ್ಲಿ ಮಾತ್ರ ಇರುವದಿಲ್ಲ. ಅದು ನಿಂತ ಸ್ಥಳದಲ್ಲಿಯೂ ಇರುವದು. ಆದುದರಿಂದ ಯಾವ ಗಿಡ, ಎಲ್ಲಿ, ಯಾರ ಉಪಯೋಗಕ್ಕೆ ಎಂಬ ಪ್ರಶ್ನೆಗಳನ್ನು ಆ ನೆಲದ ಜನರನ್ನು ಕೇಳದೆ ಬಿಡಿಸಲಾಗದು.

ಧಾರವಾಡ ಸೀಮೆಯವರು ಈ ಪಾಠವನ್ನು ಹಿಂದೆಯೇ ಕಲಿತವರು. 1984ರಲ್ಲಿ ಸರಕಾರವೂ ಒಂದು ಕಾರಖಾನೆಯೂ ಕೂಡಿ ಹುಟ್ಟಿಸಿದ ಕಂಪನಿಯೊಂದಕ್ಕೆ ಸುಮಾರು 30,000 ಹೆಕ್ಟೇರ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲೆಂದು ಕೊಡುವ ಯೋಜನೆಯಾಯಿತು. ಆ ನೆಲವು ಹಳ್ಳಿಗರಿಗೆ ದನದ ಮೇವು, ಉರುವಲು, ಬೇಲಿಯ ಮುಳ್ಳು ಕೊಡುತ್ತಿದ್ದದ್ದು. ಡಾಕ್ಟರ್ ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1987ರ ನವೆಂಬರ 14ರಂದು, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ಜನರು ಕೂಡಿ “ಕಿತ್ತಿಕೊ–ಹಚ್ಚಿಕೊ” ಸತ್ಯಾಗ್ರಹವನ್ನು ನಡೆಸಿದರು. ನೀಲಗಿರಿಯ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಅಲ್ಲಿಯೇ ಹಚ್ಚಿದರು. 1991ರಲ್ಲಿ ಆ ಕಂಪನಿಯು ಮುಚ್ಚಿತು. ಆ ಜನರು ಗಿಡದ ದ್ವೇಷಿಗಳಾಗಿರಲಿಲ್ಲ. ಹಸುರೆಲ್ಲ ಒಂದೇ ಅಲ್ಲವೆಂದೂ, ನೆಡುವ ಕೈ ಯಾರದು ಉಣ್ಣುವ ಬಾಯಿ ಯಾರದು ಎಂದು ಕೇಳುವ ಹಕ್ಕು ತಮಗುಂಟೆಂದೂ ಅವರು ತೋರಿಸಿದರು.

ಎರಡನೆಯ ದೋಷವು ಸಾಲಗಾರನನ್ನೂ ಸಾಹುಕಾರನನ್ನೂ ಅದಲುಬದಲು ಮಾಡುವದು. ಹಾನಿಯಾದದ್ದು ನೆಲಕ್ಕೆ ಮಾತ್ರವಲ್ಲ; ಧೂಳು ಕುಡಿದ ಎದೆಗಳಿಗೆ, ಬತ್ತಿದ ಬಾವಿಗಳಿಗೆ, ಹಾಳಾದ ಪೈರಿಗೆ. ಗಿಡವು ನೆಲದ ಗಾಯವನ್ನು ಮುಚ್ಚಬಲ್ಲುದು. ವಿಧವೆಯ ಕಣ್ಣೀರನ್ನು ಒರಸಲಾರದು. ನೆಲದ ಋಣವು ಬೇರೆ, ಜನರ ಋಣವು ಬೇರೆ. ಮೊದಲನೆಯದನ್ನು ತೀರಿಸಿದ್ದು ಎರಡನೆಯದಕ್ಕೆ ಪಾವತಿಯಾಗದು. ಈ ವಿಷಯದಲ್ಲಿ ನವಲಗುಂದದ ಇತಿಹಾಸವು ಒಂದು ವಿಚಿತ್ರವಾದ ಕನ್ನಡಿಯನ್ನು ಹಿಡಿಯುವದು. ಮಲಪ್ರಭೆಯ ಕಾಲುವೆಯು ಬಂದದ್ದರಿಂದ ನೆಲದ ಬೆಲೆಯು ಹೆಚ್ಚಿತು, ಆದಕಾರಣ ರೈತರು ಅಭಿವೃದ್ಧಿಯ ಕರವನ್ನು ಕೊಡಬೇಕೆಂದು ಸರಕಾರವು ಕೇಳಿತು. ಹೊಲಕ್ಕೆ ನೀರು ಸರಿಯಾಗಿ ಬಾರದ ರೈತರು ಅದನ್ನು ಒಪ್ಪಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲೀಬಾರು ನಡೆದು ಪ್ರಾಣಗಳು ಹೋದವು. ನೆಲವು ಸುಧಾರಿಸಿತೆಂದು ಅದರ ಒಡೆಯನಿಂದ ಕರವನ್ನು ಕೇಳುವದು ನ್ಯಾಯವೆನ್ನುವದಾದರೆ, ನೆಲವನ್ನು ಕೆಡಿಸಿದವನಿಂದ ಅವನತಿಯ ಕರವನ್ನು ಕೇಳುವದು ಅದಕ್ಕಿಂತ ಹೆಚ್ಚಿನ ನ್ಯಾಯವಲ್ಲವೇ? ಬಳ್ಳಾರಿಯ ತೀರ್ಪಿನ ಪರಿಹಾರವು ಇಂಥ ಒಂದು ಅವನತಿಯ ಕರವೇ. ಆದರೆ ಕರವು ಕೂಡಿದ ಮಾತ್ರಕ್ಕೆ ಋಣವು ತೀರಲಿಲ್ಲ. ಆ ಹಣವನ್ನು ಗಣಿಬಾಧಿತ ಪ್ರದೇಶದಲ್ಲಿ ವೆಚ್ಚಮಾಡಲು 2014ರಲ್ಲಿ ಒಂದು ನಿಗಮವು ಸ್ಥಾಪಿತವಾಯಿತು. ಸಾವಿರಾರು ಕೋಟಿ ರೂಪಾಯಿ ಕೂಡಿತು. ಅದನ್ನು ಬಳಸುವ ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ದೊರೆತದ್ದು 2022ರಲ್ಲಿ. ಗಣಿ ನಿಂತ ವರುಷ ಹುಟ್ಟಿದ ಕೂಸು ಅಷ್ಟರಲ್ಲಿ ಹನ್ನೊಂದು ವರುಷದ್ದಾಗಿತ್ತು.

ಮೂರನೆಯ ದೋಷವು ಎಲ್ಲಕ್ಕೂ ಸೂಕ್ಷ್ಮವಾದದ್ದು. ಅದು ಪ್ರಾಯಶ್ಚಿತ್ತವೆಂಬ ಶಬ್ದದ ಅರ್ಥಕ್ಕೇ ಸಂಬಂಧಿಸಿದ್ದು. ಧರ್ಮಶಾಸ್ತ್ರಕಾರರು ಪಾಪವಿಮೋಚನೆಗೆ ಹೇಳಿದ ಅಂಗಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುವದು, ಪಶ್ಚಾತ್ತಾಪ, ತಪಸ್ಸು, ದಾನ ಇವು ಮುಖ್ಯವಾದವು. ಇನ್ನೊಮ್ಮೆ ಹಾಗೆ ಮಾಡೆನೆಂಬ ನಿಶ್ಚಯವೂ ಬೇಕು. ಕದ್ದವನು ಕದ್ದ ವಸ್ತುವನ್ನು ಮೊದಲು ಒಡೆಯನಿಗೆ ತಿರುಗಿ ಕೊಡಬೇಕು, ಆಮೇಲೆ ವ್ರತವನ್ನು ಆಚರಿಸಬೇಕು. ಇವುಗಳಲ್ಲಿ ಯಾವುದನ್ನು ಲಾವಂಚದ ಬೇರು ಮಾಡಬಲ್ಲುದು? ಅದು ತಪ್ಪು ಮಾಡಿಲ್ಲ. ಅದಕ್ಕೆ ಹೇಳಿಕೊಳ್ಳಬೇಕಾದದ್ದೇನೂ ಇಲ್ಲ. ಒಬ್ಬನ ಹಸಿವೆಗೆ ಇನ್ನೊಬ್ಬನು ಉಂಡರೆ ಹಸಿವೆಯು ಹಿಂಗದು. ಒಬ್ಬನ ತಪ್ಪಿಗೆ ಇನ್ನೊಂದು ಜೀವವು ತಪಸ್ಸು ಮಾಡಿದರೆ ತಪ್ಪು ಕಳೆಯದು. ಪರಹಸ್ತದಿಂದ ಮಾಡಿಸಿದ ಪ್ರಾಯಶ್ಚಿತ್ತವು ಒಂದು ವ್ಯವಹಾರವಾದೀತು, ಪ್ರಾಯಶ್ಚಿತ್ತವಾಗದು. ಅದರಲ್ಲಿಯೂ ಒಂದು ಅಪಾಯವಿದೆ: ಪರಿಹಾರವು ಸುಲಭವೆಂದು ತಿಳಿದವನು ಅಪರಾಧಕ್ಕೆ ಅಂಜುವದಿಲ್ಲ. ಗಿಡ ಹಚ್ಚಿದರಾಯಿತೆಂಬ ಧೈರ್ಯವು ಇನ್ನೊಂದು ಗುಡ್ಡಕ್ಕೆ ಹಾರೆ ಹಾಕಿಸುವದು.

ಆದರೆ ಇಷ್ಟಕ್ಕೇ ನಿಲ್ಲುವದು ಸರಿಯಲ್ಲ. ಯಾಕೆಂದರೆ ಈ ವಾದವನ್ನು ಕೊನೆಯ ವರೆಗೆ ಎಳೆದರೆ ಇನ್ನೊಂದು ಅನ್ಯಾಯಕ್ಕೆ ಮುಟ್ಟುವೆವು. “ತಪ್ಪು ಮಾಡಿದವನು ಪಶ್ಚಾತ್ತಾಪ ಪಡಲಿ, ಅಲ್ಲಿಯ ವರೆಗೆ ಗಿಡ ಹಚ್ಚುವದೆಲ್ಲ ಬರಿಯ ಸೋಗು” ಎಂದು ಕಟುನೀತಿವಾದಿಯು ಹೇಳಬಹುದು. ಅವನಿಗೆ ಕೇಳತಕ್ಕ ಪ್ರಶ್ನೆಯು ಇದು: ಕೋಲಾರದ ದಿಬ್ಬದ ಕೆಳಗೆ ಆಡುವ ಕೂಸಿಗೆ ಆ ಪಶ್ಚಾತ್ತಾಪದಿಂದ ಏನಾಗಬೇಕಾಗಿದೆ? ಹುಲ್ಲು ಹೊದಿಸಿದವನ ಮನಸ್ಸು ಶುದ್ಧವಿರಲಿ ಇಲ್ಲದಿರಲಿ, ಧೂಳು ಏಳದಿದ್ದರೆ ಕೂಸಿನ ಉಸಿರು ಶುದ್ಧವಾಗುವದು. ಗಣಿಯ ಒಡೆಯರು ಸತ್ತುಹೋದರು, ಕಂಪನಿಗಳು ಕೈ ಬದಲಿಸಿದವು, ಕೊನೆಗೆ ಮುಚ್ಚಿದವು; ಪಶ್ಚಾತ್ತಾಪ ಪಡಬೇಕಾದವರೇ ಇಲ್ಲವಾದ ಎಡೆಗಳೂ ಉಂಟು. ಅಲ್ಲಿ ಕಾಯುತ್ತ ಕೂಡ್ರುವದು ಧರ್ಮವಲ್ಲ, ಕ್ರೌರ್ಯವು. ಮನೆಗೆ ಬೆಂಕಿ ಬಿದ್ದಾಗ ಹಚ್ಚಿದವನು ಯಾರೆಂದು ತಿಳಿದ ಮೇಲೆಯೇ ನೀರು ಹಾಕುವೆನೆನ್ನುವವನನ್ನು ಊರು ಮೆಚ್ಚುವದಿಲ್ಲ. ಬೆಂಕಿ ಆರಿತೆಂದು ಹಚ್ಚಿದವನನ್ನು ಹುಡುಕುವದನ್ನು ಬಿಡುವದೂ ಇಲ್ಲ. ಎರಡೂ ಕೆಲಸಗಳು ಬೇರೆಬೇರೆ, ಎರಡೂ ಮಾಡತಕ್ಕವು.

ಹಾಗಾದರೆ ಸಿದ್ಧಾಂತವೇನು? ಗಿಡವು ಪ್ರಾಯಶ್ಚಿತ್ತವಲ್ಲ, ಅದು ಚಿಕಿತ್ಸೆಯು. ಚಿಕಿತ್ಸೆಗೆ ರೋಗಿಯ ಮೇಲಿನ ಕರುಣೆಯು ಸಾಕು. ಅದನ್ನು ಯಾರಾದರೂ ಮಾಡಬಹುದು, ಕೂಡಲೆ ಮಾಡಬೇಕು. ಪ್ರಾಯಶ್ಚಿತ್ತವು ಅಪರಾಧಿಯದೇ, ಅದನ್ನು ಬೇರೊಬ್ಬರು ಮಾಡಲಾರರು, ಮಾಡಲೂ ಬಾರದು. ಚಿಕಿತ್ಸೆಯನ್ನು ತೋರಿಸಿ ಪ್ರಾಯಶ್ಚಿತ್ತದಿಂದ ತಪ್ಪಿಸಿಕೊಳ್ಳುವದೂ, ಪ್ರಾಯಶ್ಚಿತ್ತದ ನೆಪದಿಂದ ಚಿಕಿತ್ಸೆಯನ್ನು ತಡೆಯುವದೂ ಸಮಾನವಾದ ತಪ್ಪುಗಳು. ಆದರೂ ಇವೆರಡೂ ಒಂದೆಡೆಯಲ್ಲಿ ಕೂಡುವ ಸಂಭವವಿದೆ. ಅದು ಯಾವುದೆಂದರೆ, ಕಾಯುವ ಕೆಲಸ. ಸಸಿಯನ್ನು ನೆಡುವದು ಒಂದು ದಿನದ ಕೆಲಸ. ಹಾರ ತುರಾಯಿಗಳ ನಡುವೆ ಅದನ್ನು ಯಾರೂ ಮಾಡಿಯಾರು. ಅದಕ್ಕೆ ನೀರುಣಿಸಿ, ಬೇಲಿ ಕಟ್ಟಿ, ಸತ್ತದ್ದರ ಬದಲು ಇನ್ನೊಂದನ್ನು ಹಚ್ಚಿ, ವಿಷವೇರಿದ ಹುಲ್ಲನ್ನು ದನ ಮೇಯದಂತೆ ನೋಡಿಕೊಂಡು, ವರುಷವರುಷ ಮಣ್ಣನ್ನೂ ನೀರನ್ನೂ ಪರೀಕ್ಷಿಸುತ್ತ ಇಪ್ಪತ್ತು ಮೂವತ್ತು ವರುಷ ನಿಲ್ಲುವದು ತಪಸ್ಸು. ಲಾಭವೆಲ್ಲ ತೀರಿದ ಮೇಲೆಯೂ ಆ ನೆಲವನ್ನು ಬಿಟ್ಟು ಹೋಗದಿರುವವನು ಗಿಡದ ಸಂಗಡ ತಾನೂ ದುಡಿದಂತಾಯಿತು. ಆಗ ಪ್ರಾಯಶ್ಚಿತ್ತವು ಪರಹಸ್ತದ್ದಾಗಿ ಉಳಿಯದು.

ಕೊನೆಗೆ ಒಂದು ಮಾತು ಉಳಿಯುವದು. ಕಲಘಟಗಿ, ಕುಂದಗೋಳದ ವಾಚಕರು, ಈ ಪಾಪವೆಲ್ಲ ಬಳ್ಳಾರಿ ಕೋಲಾರಗಳ ಧನಿಕರದು, ತಮ್ಮದೇನೂ ಇಲ್ಲವೆಂದು ತಿಳಿಯಬಾರದು. ಕೋಲಾರದಿಂದ ಹೊರಟ ಚಿನ್ನವು ಯಾರ ತಾಳಿಯ ಗುಂಡಾಯಿತು, ಯಾರ ಕಿವಿಯ ಬೆಂಡೋಲೆಯಾಯಿತು ಎಂಬದನ್ನು ಯಾರೂ ಹೇಳಲಾರರು. ಆದುದರಿಂದಲೇ ತನ್ನದಲ್ಲವೆಂದು ಯಾರೂ ಆಣೆಯಿಡಲಾರರು. ನೆಲ ಕೆಡಿಸುವದಕ್ಕೆ ಗಣಿಯೇ ಬೇಕೆಂದೂ ಇಲ್ಲ. ಮಲಪ್ರಭೆಯ ಕಾಲುವೆಯ ಸೀಮೆಯಲ್ಲಿ ಅತಿಯಾಗಿ ನೀರು ಹಾಯಿಸಿದ ಎರಿಹೊಲಗಳು ಜವಳು ಹಿಡಿದು, ಮೇಲೆ ಬಿಳಿಯ ಉಪ್ಪು ಬಂದು ಸವಳಾದದ್ದನ್ನು ಕಣ್ಣಾರೆ ನೋಡಬಹುದು. ಅಲ್ಲಿಯೂ ಬಸಿಗಾಲುವೆ ತೋಡಿ, ಸೆಣಬು, ಡಯಾಂಚದಂಥ ಹಸುರುಗೊಬ್ಬರದ ಬೆಳೆಗಳನ್ನು ಬಿತ್ತಿ ಮಣ್ಣಿನಲ್ಲಿ ಹೂಳಿದರೆ ನೆಲವು ನಿಧಾನವಾಗಿ ಚೇತರಿಸಿಕೊಳ್ಳುವದು. ಅಲ್ಲಿಯೂ ಗಿಡವು ಚಿಕಿತ್ಸೆಯೇ. ನೀರಿನ ಮಿತಿಯನ್ನು ಕಲಿಯುವದು ಮಾತ್ರ ಒಕ್ಕಲಿಗನ ಪಾಲಿನ ಪ್ರಾಯಶ್ಚಿತ್ತವು.

ಹಿರಿಯರು ಚರಗವನ್ನು ರಾಶಿಯ ತರುವಾಯ ಇಡದೆ ಕೊಯ್ಲಿನ ಮುಂಚೆ ಇಟ್ಟದ್ದು ಯಾಕೆಂಬದು ಇಲ್ಲಿ ತಿಳಿಯುವದು. ಹೊಟ್ಟೆ ತುಂಬಿದ ಮೇಲೆ ಕೊಡುವವನ ಕೈ ಗಿಡ್ಡವಾಗುವದು ಮನುಷ್ಯಸ್ವಭಾವ. ಗಣಿಗೂ ಒಂದು ಚರಗವಿದೆ. ಮೊದಲ ಹಾರೆ ಬೀಳುವ ಮುಂಚೆ ಮೇಲ್ಮಣ್ಣನ್ನು ತೆಗೆದು ಬೇರೆ ಇಡುವದು, ಆ ಗುಡ್ಡದ ಹುಲ್ಲುಗಿಡಗಳ ಬೀಜವನ್ನು ಆರಿಸಿ ಜತನಮಾಡುವದು, ನೆಲವನ್ನು ಸುಧಾರಿಸುವ ವೆಚ್ಚವನ್ನು ಮುಂಗಡವಾಗಿ ಠೇವು ಇಡುವದು, ಬುಡದ ಹಳ್ಳಿಯವರನ್ನು ಕೇಳುವದು; ಮತ್ತು ಅವರು ಬೇಡವೆಂದರೆ ಹಾರೆಯನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗಿ ಹೋಗುವದು. ಇವುಗಳಲ್ಲಿ ಮೇಲ್ಮಣ್ಣಿನ ಮಾತೂ ಠೇವಿನ ಮಾತೂ ಈ ದೇಶದ ಗಣಿಯ ನಿಯಮಗಳಲ್ಲಿ ಆಗಲೇ ಬರೆದಿವೆ. ಉಳಿದವು ಬರೆಯಲ್ಪಡುವ ವರೆಗೂ, ಬರೆದವು ನಡೆಯುವ ವರೆಗೂ, ಕೆಟ್ಟ ನೆಲದ ಮೇಲೆ ಕರಿಕೆಯು ತನ್ನ ಪಾಲಿನ ಕೆಲಸವನ್ನು ಮಾಡುತ್ತಿರುವದು. ಅದರ ಕೆಲಸವನ್ನು ಕಂಡು ಮನುಷ್ಯನು ತನ್ನ ಪಾಲಿನದನ್ನು ಮರೆಯದಿದ್ದರೆ ಸಾಕು.